ಕೋವಿಗೆ ಎಣ್ಣೆ : ಯಾವುದು, ಎಲ್ಲಿ, ಎಷ್ಟು?

ಮಳೆಗಾಲ ಬಂತೆಂದರೆ ಕಬ್ಬಿಣದ ಸಾಮಾನುಗಳನ್ನು ಇಟ್ಟುಕೊಂಡವರಿಗೆಲ್ಲ ಒಂದು ಚಿಂತೆ ಹುಟ್ಟುತ್ತದೆ. ಕತ್ತರಿಗೋ ಮಚ್ಚಿಗೋ ತುಕ್ಕು ಹಿಡಿದರೆ ಆಗುವ ನಷ್ಟ ಅಲ್ಪ, ಉಜ್ಜಿ ಸರಿಪಡಿಸಿಕೊಳ್ಳಬಹುದು. ಕೋವಿಯ ಸಂಗತಿ ಹಾಗಲ್ಲ. ಅದರ ನಳಿಗೆಯೊಳಗೆ ತುಕ್ಕು ತಿಂದ ಜಾಗ ಮತ್ತೆ ತುಂಬಿ ಬರುವುದಿಲ್ಲ. ಅದರ ಕೀಲಿನಲ್ಲಿ ಜಿಡ್ಡು ಕಟ್ಟಿಕೊಂಡರೆ ಆಗುವ ಅನಾಹುತ ಹಿಡಿದವನ ಕೈಗೂ ಕಣ್ಣಿಗೂ, ಒಮ್ಮೊಮ್ಮೆ ಪ್ರಾಣಕ್ಕೂ ಮುಟ್ಟುತ್ತದೆ.

ಊರು ಬಿಟ್ಟು ಬಂದು ದೊಡ್ಡ ನಗರಗಳಲ್ಲಿ ನೆಲೆಸಿದ ನಮಗೆ ಕೋವಿಯ ಮಾತೇಕೆ ಎಂದು ಕೆಲವು ವಾಚಕರು ಕೇಳಬಹುದು. ಆದರೆ ನಮ್ಮಲ್ಲಿ ಸೈನ್ಯದಿಂದ ನಿವೃತ್ತರಾದವರಿದ್ದಾರೆ. ಬ್ಯಾಂಕಿನ ಬಾಗಿಲಲ್ಲಿ ಜೋಡಿ ನಳಿಗೆಯ ಕೋವಿ ಹಿಡಿದು ನಿಲ್ಲುವವರಿದ್ದಾರೆ. ಗುರಿಯಾಟದಲ್ಲಿ ಆಸಕ್ತಿಯುಳ್ಳ ತರುಣರಿದ್ದಾರೆ. ಕೊಡಗಿನವರ ಮನೆಗಳಲ್ಲಂತೂ ಕೋವಿಯು ಹಿರಿಯರಿಂದ ಬಂದ ಸೊತ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಶಸ್ತ್ರ ಪರವಾನಗಿಯ ವಿನಾಯಿತಿ ನಡೆದುಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು ಇನ್ನೂ 10 ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಕರ್ನಾಟಕದ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಮಲೆನಾಡಿನಲ್ಲಿ ಬೆಳೆಯ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳೂ ಇವೆ. ಮನೆಯ ಮಂದಿ ಮುಂಬಯಿಯಲ್ಲೋ ಪುಣೆಯಲ್ಲೋ ಇದ್ದು, ಕೋವಿಯು ಊರ ಮನೆಯ ಗೋಡೆಯಲ್ಲಿ ತಿಂಗಳುಗಟ್ಟಲೆ ತೂಗುವುದು ಈಗ ಸಾಮಾನ್ಯವಾಗಿದೆ.

ಇಲ್ಲಿಯೇ ಮುಖ್ಯವಾದ ವಿಷಯವಿರುವುದು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಬೇಟೆಯು ನಿಂತುಹೋಗಿ, ಬಹುಪಾಲು ಮನೆಯ ಕೋವಿಗಳು ಹಾರುವುದಕ್ಕಿಂತ ಸುಮ್ಮನಿರುವುದೇ ಹೆಚ್ಚು. ಹೀಗೆ ಸುಮ್ಮನಿರುವ ಕೋವಿಯು ಸವೆದು ಕೆಡುವುದಿಲ್ಲ, ಕುಳಿತು ಕೆಡುತ್ತದೆ. ಅದಕ್ಕೆ ಬೇಕಾದ ಎಣ್ಣೆಯೇ ಬೇರೆ, ದಿನವೂ ಕೆಲಸ ಮಾಡುವ ಕೋವಿಗೆ ಬೇಕಾದ ಎಣ್ಣೆಯೇ ಬೇರೆ.

ಎಣ್ಣೆಯ ಮೂರು ಕೆಲಸಗಳು

ಕೋವಿಯ ವಿಷಯದಲ್ಲಿ ಎಣ್ಣೆ ಎಂಬ ಒಂದೇ ಹೆಸರಿನಿಂದ ನಾವು ಮೂರು ಕೆಲಸಗಳನ್ನು ಕೇಳುತ್ತೇವೆ: ಮದ್ದಿನ ಮಸಿಯನ್ನು ತೊಳೆಯಬೇಕು, ಲೋಹದ ಮೇಲೆ ಲೋಹ ಜಾರುವಂತೆ ಮಾಡಬೇಕು, ಗಾಳಿಯ ತೇವ ತಾಗದಂತೆ ಕಾಯಬೇಕು. ಈ ಮೂರೂ ಗುಣಗಳು ಒಂದಕ್ಕೊಂದು ಹೊಂದುವಂಥವಲ್ಲ. ತೊಳೆಯುವ ದ್ರವವು ನೀರಿನಂತೆ ತೆಳುವಾಗಿದ್ದು ಸಂದುಗೊಂದುಗಳಿಗೆ ನುಗ್ಗಬೇಕು. ಕಾಯುವ ಲೇಪವು ದಪ್ಪವಾಗಿ ಅಂಟಿ ಕೂಡಬೇಕು. ಜಾರಿಸುವ ಎಣ್ಣೆ ಇವೆರಡರ ನಡುವೆ ಇರಬೇಕು. ಮೂರನ್ನೂ ಒಂದೇ ಸೀಸೆಯಿಂದ ಮಾಡುತ್ತೇವೆಂದು ಹೇಳುವ ಎಣ್ಣೆಗಳು ಅಂಗಡಿಯಲ್ಲಿ ಸಿಗುತ್ತವೆ. ದಿನವೂ ಬಳಸಿ ದಿನವೂ ಒರೆಸುವ ಸಿಪಾಯಿಗೆ ಅವು ಅನುಕೂಲವೇ. ನಾಲ್ಕು ತಿಂಗಳು ಮುಟ್ಟದೆ ಇಡುವ ಮನೆಯವನಿಗೆ ಅವುಗಳಲ್ಲಿ ಅನೇಕ ಸಾಲುವುದಿಲ್ಲ. ತೆಳುವಾದ ಪದರವು ಕ್ರಮೇಣ ಹರಿದು, ಆರಿ, ಲೋಹವನ್ನು ಬರಿದಾಗಿ ಬಿಡುತ್ತದೆ.

ಮೊದಲ ಕೆಲಸ : ತೊಳೆಯುವುದು

ಎಣ್ಣೆ ಹಚ್ಚುವ ಮೊದಲು ತೊಳೆಯಬೇಕು. ಕೊಳೆಯ ಮೇಲೆ ಹಚ್ಚಿದ ಎಣ್ಣೆ ಕೊಳೆಯನ್ನೇ ಕಾಯುತ್ತದೆ. ಅದಕ್ಕೂ ಮೊದಲು ಕೋವಿಯಲ್ಲಿ ತೋಟಾ ಇಲ್ಲವೆಂಬುದನ್ನು ಕಣ್ಣಿನಿಂದ ಕಂಡು, ಬೆರಳಿನಿಂದ ಮುಟ್ಟಿ ಖಚಿತ ಮಾಡಿಕೊಳ್ಳಬೇಕು. ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಬಂದು ಕೆಲಸಕ್ಕೆ ಕೂಡುವುದು ಒಳ್ಳೆಯ ಪದ್ಧತಿ.

ಹಳೆಯ ಕಾಲದ ಕರಿಮದ್ದು ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ ಸೇರಿದ ಮಿಶ್ರಣ. ಅದು ಸುಟ್ಟಾಗ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿ ಹೋಗದೆ ಉಪ್ಪುಗಳ ರೂಪದ ಮಸಿಯಾಗಿ ಉಳಿಯುತ್ತದೆ. ಈ ಮಸಿಯು ಗಾಳಿಯಿಂದ ನೀರನ್ನು ಹೀರಿ ನಳಿಗೆಯನ್ನು ತಿನ್ನುತ್ತದೆ. ಮೂತಿಯಿಂದ ಮದ್ದು ತುಂಬುವ ಕೋವಿಯನ್ನು ಹಾರಿಸಿದ ದಿನವೇ ತೊಳೆಯಬೇಕೆಂಬ ಹಿರಿಯರ ಕಟ್ಟಳೆಗೆ ಇದೇ ಕಾರಣ. ಹಳೆಯ ಬಗೆಯ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದ ಮೇಲೆ ಉಳಿಯುವುದು ಅಡಿಗೆಯ ಉಪ್ಪಿನ ದಾಯಾದಿಯಾದ ಪೊಟ್ಯಾಸಿಯಂ ಕ್ಲೋರೈಡ್. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ನೀರಿನಲ್ಲಿ ಮಾತ್ರ ಕರಗುತ್ತದೆ. ಎಷ್ಟು ಎಣ್ಣೆ ಹಾಕಿ ಉಜ್ಜಿದರೂ ಮರುವಾರ ತುಕ್ಕು ಕಾಣಿಸುವುದರ ಗುಟ್ಟು ಇದು. ಹಿಂದೆ .303 ರೈಫಲನ್ನು ಬಳಸಿದ ಸೈನಿಕರು ಗುಂಡು ಹಾರಿಸಿದ ಬಳಿಕ ನಳಿಗೆಯೊಳಗೆ ಕುದಿಯುವ ನೀರನ್ನು ಸುರಿಯುತ್ತಿದ್ದುದು ಇದಕ್ಕಾಗಿಯೇ. ಬಿಸಿನೀರು ಉಪ್ಪನ್ನು ಕರಗಿಸುತ್ತದೆ. ಬಿಸಿಯಾದ ಲೋಹ ತಾನಾಗಿ ಬೇಗ ಒಣಗುತ್ತದೆ. ಒಣಗಿದ ಕೂಡಲೆ, ಇನ್ನೂ ಬೆಚ್ಚಗಿರುವಾಗಲೇ, ಎಣ್ಣೆ ಹಚ್ಚಬೇಕು.

ಈಗಿನ 12 ಬೋರಿನ ತೋಟಾಗಳ ಮದ್ದಿನಲ್ಲಿಯೂ ಕೇಪಿನಲ್ಲಿಯೂ ಈ ದೋಷ ಸಾಮಾನ್ಯವಾಗಿ ಇಲ್ಲ. ಅವುಗಳಿಗೆ ನೀರು ಬೇಕಿಲ್ಲ; ಕೋವಿ ತೊಳೆಯಲೆಂದೇ ಮಾರುವ ದ್ರವವನ್ನು ಚಿಂದಿಗೆ ಹಾಕಿ, ಗಜದಿಂದ ನಳಿಗೆಯೊಳಗೆ ತೂರಿಸಿ, ಕಂಚಿನ ತಂತಿಯ ಬ್ರಷ್ಷಿನಿಂದ ಉಜ್ಜಿ, ಚಿಂದಿ ಬಿಳಿಯಾಗಿ ಹೊರಬರುವವರೆಗೆ ಒರೆಸಿದರೆ ಸಾಕು. ಸೀಮೆಎಣ್ಣೆಯೂ ಮಸಿಯನ್ನು ಬಿಡಿಸುತ್ತದೆ. ಆದರೆ ಅದು ಆರಿಹೋದ ಮೇಲೆ ಕಾಯುವ ಪದರವೇನೂ ಉಳಿಯುವುದಿಲ್ಲವಾದ್ದರಿಂದ ಅದನ್ನು ಒರೆಸಿ ತೆಗೆದು ಬೇರೆ ಎಣ್ಣೆ ಹಚ್ಚಲೇಬೇಕು. ಮನೆಮನೆಯಲ್ಲಿರುವ ಡಬ್ಲ್ಯೂಡಿ-40 ಎಂಬ ಡಬ್ಬಿಯ ವಿಷಯವೂ ಹೀಗೆಯೇ. 1953ರಲ್ಲಿ ಅಮೆರಿಕದಲ್ಲಿ ಅದನ್ನು ಕಂಡುಹಿಡಿದದ್ದು ಲೋಹದ ಮೇಲಿನ ನೀರನ್ನು ಸರಿಸಿ ತುಕ್ಕನ್ನು ತಡೆಯಲು. ಹೆಸರಿನ ಮೊದಲೆರಡು ಅಕ್ಷರಗಳ ಅರ್ಥವೇ ಅದು. ಮಳೆಯಲ್ಲಿ ನೆನೆದ ಕೋವಿಯ ನೀರನ್ನು ಹೊರಡಿಸಲು ಅದು ಒಳ್ಳೆಯದು. ಇಡೀ ಮಳೆಗಾಲ ಕಾಯುವ ಭಾರವನ್ನು ಅದರ ಮೇಲೆ ಹೊರಿಸಬಾರದು.

ಎರಡನೆಯ ಕೆಲಸ : ಜಾರಿಸುವುದು

ಎಣ್ಣೆಗೂ ಗ್ರೀಸಿಗೂ ಇರುವ ಭೇದವೇನು? ಗ್ರೀಸು ಬೇರೊಂದು ವಸ್ತುವಲ್ಲ, ಅದೂ ಎಣ್ಣೆಯೇ. ಸ್ಪಂಜು ನೀರನ್ನು ಹಿಡಿದಿಡುವಂತೆ, ಒಂದು ಬಗೆಯ ಸಾಬೂನು ಎಣ್ಣೆಯನ್ನು ತನ್ನ ಎಳೆಗಳಲ್ಲಿ ಹಿಡಿದಿಟ್ಟುಕೊಂಡಿರುತ್ತದೆ. ಭಾರ ಬಿದ್ದು ಉಜ್ಜಿದಾಗ ಎಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ; ಉಳಿದ ವೇಳೆ ಹಚ್ಚಿದಲ್ಲೇ ನಿಲ್ಲುತ್ತದೆ. ನಮ್ಮ ಗಾಡಿಯವರು ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆಯ ತತ್ವವೂ ಇದೇ: ಹರಿದುಹೋಗಬಾರದು, ಭಾರ ತಡೆಯಬೇಕು.

ಗ್ರೀಸಿನ ಗುಣವು ಅದರ ಸಾಬೂನಿನ ಮೇಲೆ ನಿಂತಿದೆ. ಸೋಡಿಯಂ ಸಾಬೂನಿನದು ನೀರು ತಾಗಿದರೆ ಕರಗಿ ತೊಳೆದುಹೋಗುತ್ತದೆ. ನಮ್ಮ ಕರಾವಳಿಗೂ ಮಲೆನಾಡಿಗೂ ಅದು ಸಲ್ಲದು. ಕ್ಯಾಲ್ಸಿಯಂ ಸಾಬೂನಿನದು ನೀರಿಗೆ ಜಗ್ಗುವುದಿಲ್ಲ, ಆದರೆ ಸಾಧಾರಣ ಬಗೆಯದು ಹೆಚ್ಚಿನ ಕಾವನ್ನು ತಾಳುವುದಿಲ್ಲ. ಲಿಥಿಯಂ ಸಾಬೂನಿನದು ನೀರನ್ನೂ ಕಾವನ್ನೂ ಸಾಕಷ್ಟು ತಾಳುತ್ತದೆ. ಮೋಟಾರಿನ ಸಾಮಾನಿನ ಅಂಗಡಿಗಳಲ್ಲಿ ಸುಲಭವಾಗಿಯೂ ಸಿಗುತ್ತದೆ. ಡಬ್ಬಿಯ ಮೇಲೆ ಬರೆದ ಸಂಖ್ಯೆ ಗಡಸುತನವನ್ನು ಹೇಳುತ್ತದೆ: 000 ಎಂದರೆ ಹರಿಯುವಷ್ಟು ಮೆತ್ತಗೆ, 6 ಎಂದರೆ ಸಾಬೂನಿನ ಬಿಲ್ಲೆಯಷ್ಟು ಗಟ್ಟಿ. ಕೋವಿಗೆ 1 ಅಥವಾ 2ನೆಯ ಸಂಖ್ಯೆಯ ಲಿಥಿಯಂ ಗ್ರೀಸು ತಕ್ಕುದು.

ಎಲ್ಲಿ ಎಣ್ಣೆ, ಎಲ್ಲಿ ಗ್ರೀಸು ಎಂಬುದಕ್ಕೆ ಒಂದು ಸುಲಭ ಸೂತ್ರವಿದೆ: ಭಾರ ಹೊತ್ತು ನಿಧಾನವಾಗಿ ಉಜ್ಜುವಲ್ಲಿ ಗ್ರೀಸು, ಹಗುರಾಗಿ ಬೇಗ ಚಲಿಸುವಲ್ಲಿ ಎಣ್ಣೆ, ಸ್ಫೋಟದ ಒತ್ತಡ ಬೀಳುವಲ್ಲಿ ಎರಡೂ ಬೇಡ. ನಡುವೆ ಮಡಿಚುವ ಜೋಡಿ ನಳಿಗೆಯ ಕೋವಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನಳಿಗೆಯು ತಿರುಗುವ ಕೀಲಿಗೂ, ಮುಚ್ಚಿದಾಗ ಕಚ್ಚಿಕೊಳ್ಳುವ ಉಬ್ಬುಗಳಿಗೂ ಅಕ್ಕಿಕಾಳಿನಷ್ಟು ಗ್ರೀಸನ್ನು ಬೆರಳಿನಿಂದ ಸವರಿದರೆ ಸಾಕು. ತೆರೆಯುವ ಸನ್ನೆಗೂ ಸುರಕ್ಷತೆಯ ಗುಂಡಿಗೂ ಸೂಜಿಯ ತುದಿಯಿಂದ ಒಂದೊಂದು ಹನಿ ತೆಳು ಎಣ್ಣೆ. ಹೊಲಿಗೆಯ ಯಂತ್ರದ ಎಣ್ಣೆ ಇದಕ್ಕೆ ಸಲ್ಲುತ್ತದೆ. ಅದು ಶುದ್ಧವಾದ ಖನಿಜ ತೈಲ. ತೋಟಾ ಕೂಡುವ ಗೂಡು ಮಾತ್ರ ಹಾರಿಸುವಾಗ ಒಣಗಿರಬೇಕು. ಸಿಡಿದ ತೋಟಾ ಹಿಗ್ಗಿ ಗೂಡಿನ ಗೋಡೆಯನ್ನು ಹಿಡಿದುಕೊಂಡು ಒತ್ತಡದ ಒಂದು ಪಾಲನ್ನು ತಾನು ತಡೆಯುತ್ತದೆ. ಗೋಡೆ ಎಣ್ಣೆಯಾಗಿದ್ದರೆ ಹಿಡಿತ ತಪ್ಪಿ ಹಿಂದಿನ ಬೀಗದ ಮೇಲೆ ಹೊಡೆತ ಹೆಚ್ಚುತ್ತದೆ.

ಕೇಪಿಗೆ ಬಡಿಯುವ ಪಿನ್ನಿನ ರಂಧ್ರದಲ್ಲಿ ಗ್ರೀಸು ಎಂದಿಗೂ ಕೂಡದು. ಹಳೆಯದಾದ ಜಿಡ್ಡು ಅಂಟಾಗಿ ಪಿನ್ನಿನ ವೇಗವನ್ನು ಕುಂದಿಸುತ್ತದೆ. ಕೇಪು ಹಾರದೆ ಇರಬಹುದು, ಅಥವಾ ತಡವಾಗಿ ಹಾರಬಹುದು. ಪಿನ್ನು ಮುಂದಕ್ಕೆ ಸಿಕ್ಕಿಕೊಂಡರೆ ಕೆಲವು ಬಗೆಯ ಬಂದೂಕುಗಳು ಮುಚ್ಚಿದ ಕ್ಷಣದಲ್ಲೇ ಹಾರಿಬಿಡುವ ಅಪಾಯವೂ ಉಂಟು. ತೋಟಾಗಳಿಗೂ ಎಣ್ಣೆ ತಾಗಬಾರದು; ಕೇಪಿನೊಳಕ್ಕೆ ಎಣ್ಣೆ ಇಳಿದರೆ ಅದು ಸತ್ತುಹೋಗುತ್ತದೆ. ಕುದುರೆ ಎಳೆದರೂ ಈಡು ಹಾರದಿದ್ದರೆ ಮೂತಿಯನ್ನು ನಿರಪಾಯದ ದಿಕ್ಕಿಗೆ ಹಿಡಿದು ಒಂದು ನಿಮಿಷ ಕಾದು, ಆಮೇಲೆ ತೆರೆಯಬೇಕು.

ಗ್ರೀಸಿನ ಮಹತ್ವವನ್ನು ತೋರಿಸುವ ಒಂದು ಪ್ರಸಂಗವು ಎರಡನೆಯ ಮಹಾಯುದ್ಧದ ಕಾಲದ್ದು. ಅಮೆರಿಕದ ಸೈನ್ಯದ ಎಂ1 ಗ್ಯಾರಂಡ್ ರೈಫಲು ಒಳ್ಳೆಯ ಆಯುಧವೆಂದು ಹೆಸರಾಗಿತ್ತು. ಆದರೆ ಜಡಿಮಳೆಯಲ್ಲಿ ಹಾರಿಸುತ್ತಿದ್ದರೆ ಅದರ ಬೋಲ್ಟು ಬಿಗಿದುಕೊಳ್ಳುತ್ತಿತ್ತು. ಕಾರಣ, ಉಜ್ಜುವ ಜಾಗದ ಎಣ್ಣೆಯನ್ನು ಮಳೆಯು ತೊಳೆದುಬಿಡುತ್ತಿತ್ತು. ರೈಫಲನ್ನು ಬದಲಿಸದೆ ಎಣ್ಣೆಯನ್ನು ಬದಲಿಸಿ, ಅಲ್ಲಿ ನೀರಿಗೆ ಜಗ್ಗದ ಗ್ರೀಸನ್ನು ಹಚ್ಚಿದರು. ಸಿಪಾಯಿಗೆ ಗ್ರೀಸಿನ ಪುಟ್ಟ ಡಬ್ಬಿಯನ್ನೂ ಕೊಟ್ಟರು. ತೊಂದರೆ ನೀಗಿತು.

ಇದಕ್ಕೆ ಪ್ರತಿಯಾದ ಪ್ರಸಂಗವು ವಿಯೆಟ್ನಾಮಿನದು. ಎಂ16 ರೈಫಲನ್ನು ಸಾಕಷ್ಟು ಶುಚಿ ಸಾಮಗ್ರಿಯಿಲ್ಲದೆ, ತರಬೇತಿಯಿಲ್ಲದೆ ಸಿಪಾಯಿಗಳ ಕೈಗೆ ಕೊಡಲಾಯಿತು. ತೋಟಾದ ಮದ್ದನ್ನೂ ನಡುವೆ ಬದಲಿಸಿದ್ದರು. ಗೂಡಿಗೆ ಕ್ರೋಮಿಯಂ ಲೇಪವೂ ಇರಲಿಲ್ಲ. ಬಂದೂಕುಗಳು ಯುದ್ಧದ ನಡುವೆ ಕಚ್ಚಿಕೊಂಡು ಜೀವಗಳು ಹೋದವು. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ಇದನ್ನು ವಿಚಾರಿಸಿತು. ಬಳಿಕ ಗೂಡಿಗೆ ಲೇಪ ಬಂತು, ಶುಚಿ ಸಾಮಗ್ರಿ ಬಂತು. 1968ರಲ್ಲಿ ವಿಲ್ ಐಸ್ನರ್ ಎಂಬ ಪ್ರಸಿದ್ಧ ಚಿತ್ರಕಾರನ ಕೈಯಿಂದ ಚಿತ್ರಕಥೆಯ ರೂಪದಲ್ಲಿ ಕೈಪಿಡಿಯೇ ಬಂತು. ಒರೆಸುವ ಗೋಜಿಲ್ಲದ ಬಂದೂಕೆಂಬುದು ಇಲ್ಲವೆಂಬ ಪಾಠಕ್ಕೆ ತೆತ್ತ ಬೆಲೆ ಅದು.

ನಮ್ಮ ದೇಶದ ಇತಿಹಾಸದಲ್ಲಿಯೂ ಜಿಡ್ಡಿನ ಆಯ್ಕೆಯೊಂದು ದೊಡ್ಡ ಪರಿಣಾಮ ಮಾಡಿದ್ದನ್ನು ವಾಚಕರು ಬಲ್ಲರು. ಎನ್‌ಫೀಲ್ಡ್ ರೈಫಲಿನ ಕಾಗದದ ತೋಟಾ ನಳಿಗೆಯೊಳಗೆ ಸಲೀಸಾಗಿ ಇಳಿಯಲೆಂದು ಅದಕ್ಕೆ ಕೊಬ್ಬು ಸವರುವ ಪದ್ಧತಿಯಿತ್ತು. ಅದು ದನದ, ಹಂದಿಯ ಕೊಬ್ಬೆಂಬ ಸುದ್ದಿ 1857ರ ಜನವರಿಯಲ್ಲಿ ಕಲಕತ್ತೆಯ ಬಳಿಯ ಡಂ ಡಂನಿಂದ ಹಬ್ಬಿತು. ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ತಾವೇ ಸವರಿಕೊಳ್ಳಬಹುದೆಂದು ಸರ್ಕಾರವು ಹೇಳುವ ವೇಳೆಗೆ ನಂಬಿಕೆ ಮುರಿದುಹೋಗಿತ್ತು. ಏಪ್ರಿಲ್ 24ರಂದು ಮೀರತ್ತಿನಲ್ಲಿ 90 ಸವಾರರ ಪೈಕಿ 85 ಮಂದಿ ತೋಟಾ ಮುಟ್ಟಲೊಲ್ಲೆವೆಂದರು. ಮೇ 10ರಂದು ದಂಗೆ ಎದ್ದಿತು. ದಂಗೆಗೆ ಕಾರಣಗಳು ಅನೇಕ. ಆದರೆ ಕಿಡಿ ತಾಗಿದ್ದು ಈ ಜಿಡ್ಡಿಗೆ.

ಮೂರನೆಯ ಕೆಲಸ : ಕಾಯುವುದು

ನಮ್ಮ ಮನೆಗಳಿಗೆ ಅತ್ಯಂತ ಮುಖ್ಯವಾದುದು ಇದೇ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಕೊಡಗಿನಲ್ಲಿ ನಾಟಿಯ ಕಾಲಕ್ಕೆ ಆಯುಧಗಳನ್ನು ದೇವರ ಕೋಣೆಯಾದ ಕನ್ನಿಕೊಂಬರೆಯಲ್ಲಿ ಇಟ್ಟು, ನಾಟಿ ಮುಗಿದು ಸೆಪ್ಟೆಂಬರಿನ ಮೊದಲ ವಾರದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ತೆಗೆದು ಪೂಜಿಸುವುದು ಹಿಂದಿನಿಂದ ಬಂದ ರೂಢಿ. ಎಂದರೆ ವರ್ಷದ ಅತ್ಯಂತ ತೇವದ ತಿಂಗಳುಗಳೇ ಕೋವಿಯು ಸುಮ್ಮನಿರುವ ತಿಂಗಳುಗಳು.

ಹೀಗೆ ಇಡುವ ಮೊದಲು ನಳಿಗೆಯ ಒಳಗೂ ಹೊರಗೂ ತುಕ್ಕು ತಡೆಯುವ ದಪ್ಪ ಎಣ್ಣೆಯನ್ನೋ ಗ್ರೀಸಿನ ತೆಳು ಲೇಪವನ್ನೋ ಕೊಡಬೇಕು. ಹಚ್ಚಿದ ಮೇಲೆ ಬರಿಗೈಯಿಂದ ಮುಟ್ಟಬಾರದು. ಬೆರಳಿನ ಬೆವರಿನಲ್ಲಿಯೂ ಉಪ್ಪಿದೆ. ತೊಗಲಿನ ಅಥವಾ ಬಟ್ಟೆಯ ಚೀಲದಲ್ಲಿ ತುಂಬಿಡುವುದು ದೊಡ್ಡ ತಪ್ಪು. ಚೀಲವು ತೇವವನ್ನು ಹೀರಿ ಕೋವಿಯ ಮೈಗೆ ಒತ್ತಿ ಹಿಡಿಯುತ್ತದೆ. ಬೀಗವಿರುವ ಕಬ್ಬಿಣದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣಗಳೊಡನೆ ಇಡುವುದು ಮೇಲು. ಕೋವಿಯನ್ನು ಮೂತಿ ಕೆಳಗಾಗಿ ನಿಲ್ಲಿಸಿದರೆ ಹೆಚ್ಚಿದ ಎಣ್ಣೆ ಮೂತಿಯ ಕಡೆ ಇಳಿಯುತ್ತದೆ. ಮೂತಿ ಮೇಲಾದರೆ ಅದು ಹಿಂದಕ್ಕೆ ಹರಿದು ಮರದ ಹಿಡಿಯೊಳಗೆ ಇಂಗಿ ಮರವನ್ನು ಮೆತ್ತಗೆ ಮಾಡುತ್ತದೆ. ತಿಂಗಳಿಗೊಮ್ಮೆಯಾದರೂ ತೆಗೆದು ನೋಡಬೇಕು. ಊರಿನಲ್ಲಿರುವ ಅಣ್ಣತಮ್ಮಂದಿರಿಗೆ ಇದನ್ನು ಹೇಳಿಟ್ಟರೆ ಒಳ್ಳೆಯದು. ಆದರೆ ಕಾನೂನಿನಂತೆ ಆ ಕೋವಿಯನ್ನು ಇಟ್ಟುಕೊಳ್ಳುವ ಅಧಿಕಾರ ಅವರಿಗಿರಬೇಕು.

ಹಬ್ಬದ ದಿನದ ಎರಡು ಮಾತು. ಕೋವಿಗೆ ಇಟ್ಟ ಗಂಧ ಕುಂಕುಮಗಳಲ್ಲಿ ನೀರಿದೆ. ಮೂತಿಗೆ ಸಿಕ್ಕಿಸುವ ತೋಕ್‌ಪೂವಿನಲ್ಲಿಯೂ ತೇವವಿದೆ. ಪೂಜೆ ಮುಗಿದ ಸಂಜೆ ಅವನ್ನು ಭಕ್ತಿಯಿಂದ ತೆಗೆದು, ಒರೆಸಿ, ಮತ್ತೆ ಎಣ್ಣೆ ಹಚ್ಚಬೇಕು. ನಗರಗಳಲ್ಲಿ ಆಯುಧಪೂಜೆ ಮಾಡುವ ಕಾವಲುಗಾರರಿಗೂ ಈ ಮಾತು ಸಲ್ಲುತ್ತದೆ. ಎರಡನೆಯದು ಇದಕ್ಕಿಂತ ಗಂಭೀರ. ಮಳೆಗಾಲಕ್ಕೆಂದು ನಳಿಗೆಯೊಳಗೆ ಹಚ್ಚಿದ ಗ್ರೀಸನ್ನು ತೆಗೆಯದೆ, ಮರೆತುಬಿಟ್ಟ ಚಿಂದಿಯನ್ನು ನೋಡದೆ, ಹಬ್ಬದ ಗುರಿಯಾಟಕ್ಕೆ ತೋಟಾ ಹಾಕಿ ಹಾರಿಸಿದರೆ ನಳಿಗೆಯು ಉಬ್ಬಬಹುದು, ಸೀಳಬಹುದು. ಮೊದಲ ಈಡಿಗೆ ಮುನ್ನ ನಳಿಗೆಯನ್ನು ಒಣ ಚಿಂದಿಯಿಂದ ಒರೆಸಿ, ಕೋವಿಯನ್ನು ತೆರೆದು, ತೋಟಾ ಕೂಡುವ ಕಡೆಯಿಂದ ಬೆಳಕಿನತ್ತ ಹಿಡಿದು, ಮೂತಿಯವರೆಗೆ ನೋಡಿ ಖಚಿತ ಮಾಡಿಕೊಳ್ಳದೆ ತೋಟಾ ತುಂಬಲೇ ಕೂಡದು.

ಅಡಿಗೆಮನೆಯ ಎಣ್ಣೆಗಳು

ತೆಂಗಿನೆಣ್ಣೆಯನ್ನು ಹಚ್ಚುವವರು ಈಗಲೂ ಇದ್ದಾರೆ. ಬೇರೇನೂ ಇಲ್ಲದಾಗ ಅದು ಒಂದೆರಡು ದಿನಕ್ಕೆ ಸರಿ. ಆದರೆ ಸುಮಾರು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ. ಹಳೆಯದಾದರೆ ಕಮಟಿ, ಹುಳಿ ಹುಟ್ಟಿ, ಹಿತ್ತಾಳೆಯನ್ನೂ ಕಬ್ಬಿಣವನ್ನೂ ಕಚ್ಚುತ್ತದೆ. ತುಪ್ಪ, ಕಡಲೆಕಾಯಿ ಎಣ್ಣೆಗಳೂ ಹಳೆಯದಾದರೆ ಹೀಗೆಯೇ ಕೆಡುತ್ತವೆ. ಅಗಸೆ ಎಣ್ಣೆಯು ಗಾಳಿಗೆ ಒಣಗಿ ಗಟ್ಟಿ ಪೊರೆಯಾಗುತ್ತದೆ. ಆದ್ದರಿಂದಲೇ ಅದು ಮರದ ಹಿಡಿಗೆ ಅತ್ಯುತ್ತಮ, ಕೀಲುಗಳಿಗೆ ಅತಿ ಕೆಟ್ಟುದು. ಅಗಸೆ ಎಣ್ಣೆ ಹೀರಿದ ಚಿಂದಿಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ತಾನಾಗಿ ಕಾವೇರಿ ಬೆಂಕಿ ಹತ್ತಿಕೊಳ್ಳುವುದುಂಟು. ಬಿಡಿಸಿ ಹರಡಿ ಒಣಗಿಸಬೇಕು. ಮೋಟಾರಿನಿಂದ ತೆಗೆದ ಕಪ್ಪು ಎಣ್ಣೆಯಲ್ಲಿ ಆಮ್ಲ, ಮಸಿ, ಲೋಹದ ಪುಡಿ ಎಲ್ಲವೂ ಇರುತ್ತವೆ. ಬಿಟ್ಟಿ ಸಿಕ್ಕಿದರೂ ಬೇಡ. ಸೀಸದ ಕಡ್ಡಿಯ ಗ್ರಾಫೈಟು ಪುಡಿ ಜಾರಿಕೆಗೆ ಒಳ್ಳೆಯದಾದರೂ, ಅಲ್ಯೂಮಿನಿಯಂ ಭಾಗಗಳಿರುವ ಬಂದೂಕಿಗೆ ತೇವದಲ್ಲಿ ಸವಕಳಿ ತರುತ್ತದೆ.

ಊರಿಗೆ ತಕ್ಕ ಎಣ್ಣೆ

ನಮ್ಮವರು ನೆಲೆಸಿದ ಊರುಗಳ ಹವೆ ಒಂದೇ ತೆರನಲ್ಲ. ಮುಂಬಯಿ, ಚೆನ್ನೈಗಳ ಗಾಳಿಯಲ್ಲಿ ಕಡಲ ಉಪ್ಪಿದೆ. ಅಲ್ಲಿ ಬ್ಯಾಂಕಿನ ಕಾವಲುಗಾರನು ಪಾಳಿ ಮುಗಿದ ಮೇಲೆ ದಿನವೂ ಎಣ್ಣೆಯ ಬಟ್ಟೆಯಿಂದ ನಳಿಗೆಯನ್ನು ಒರೆಸಬೇಕು. ದಿಲ್ಲಿಯ ಬೇಸಗೆಯಲ್ಲಿ ತೇವ ಕಡಿಮೆ, ಧೂಳು ಹೆಚ್ಚು. ಎಣ್ಣೆ ಹೆಚ್ಚಾದರೆ ಧೂಳು ಸೇರಿ ಉಜ್ಜುವ ಮುದ್ದೆಯಾಗುತ್ತದೆ. ಅಲ್ಲಿ ತೀರ ತೆಳುವಾಗಿ ಹಚ್ಚಿ ಆಗಾಗ ಒರೆಸುವುದೇ ಸರಿ. ಪುಣೆ, ಹೈದರಾಬಾದುಗಳಲ್ಲಿ ಬೇಸಗೆಗೆ ದಿಲ್ಲಿಯ ಕ್ರಮ, ಮಳೆಗಾಲಕ್ಕೆ ಮುಂಬಯಿಯ ಕ್ರಮ. ಲಡಾಖಿನಂಥ ಹಿಮದ ನಾಡಿನಲ್ಲಿ ಗ್ರೀಸು ಗಟ್ಟಿಯಾಗಿ ಕೀಲನ್ನೇ ಹಿಡಿದುಬಿಡುತ್ತದಾದ್ದರಿಂದ ಅಲ್ಲಿಯ ಸೈನಿಕನಿಗೆ ಚಳಿಗೆಂದೇ ತಯಾರಿಸಿದ ತೆಳು ಎಣ್ಣೆ ಬೇಕು.

ಇಷ್ಟೆಲ್ಲ ಹೇಳಿದರೂ ಖರ್ಚು ದೊಡ್ಡದಲ್ಲ. ತೊಳೆಯುವ ದ್ರವದ ಒಂದು ಸೀಸೆ, ಹೊಲಿಗೆಯ ಯಂತ್ರದ ಎಣ್ಣೆಯ ಒಂದು ಡಬ್ಬಿ, ಲಿಥಿಯಂ ಗ್ರೀಸು ಒಂದಿಷ್ಟು, ತುಕ್ಕು ತಡೆಯುವ ದಪ್ಪ ಎಣ್ಣೆ ಒಂದು ಸೀಸೆ, ಹಳೆಯ ಪಂಚೆಯ ತುಂಡುಗಳು: ಇಷ್ಟಿದ್ದರೆ ಒಂದು ಕೋವಿಗೆ ವರ್ಷಾನುಗಟ್ಟಲೆ ಸಾಕು. ಒಳಗಿನ ಯಂತ್ರವನ್ನು ಬಿಚ್ಚುವ ಕೆಲಸ ಮಾತ್ರ ಪರವಾನಗಿ ಪಡೆದ ಕೋವಿ ರಿಪೇರಿಯವರದು. ಎಣ್ಣೆಯು ಲೋಹದ ಮೇಲೆ ಹೊಳೆಯಬೇಕು, ಹರಿಯಬಾರದು ಎಂಬುದೊಂದನ್ನು ನೆನಪಿನಲ್ಲಿಟ್ಟರೆ, ಅಜ್ಜನ ಕೈಯ ಕೋವಿಯು ಮೊಮ್ಮಗನ ಕೈಗೂ ನಿರಪಾಯವಾಗಿ ಬರುತ್ತದೆ.